ಐದು ಬಾರ್ ಒತ್ತಡಕ್ಕೆ ಜಗ್ಗದ ಟಾರ್ಚು ಬಕೆಟ್ ನೀರಿಗೆ ಸೋರಿತು

ನಾನೇ ಕಟ್ಟಿದ ಡೈವಿಂಗ್ ಟಾರ್ಚು ಸೋರುವ ಜಾಗ ಕೊನೆಗೂ ಸಿಕ್ಕಿತು. ಹಿಡಿದುಕೊಟ್ಟಿದ್ದು ಅರಿಶಿನ ಮತ್ತು ಸುಣ್ಣ. ನಗಬೇಡಿ, ಮುಂದೆ ಓದಿ.

ಬಾಡಿ ಟರ್ನಿಂಗ್, ಆನೋಡೈಸಿಂಗ್, ಡ್ರೈವರ್ ಬೋರ್ಡ್ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. 6061 ಅಲ್ಯೂಮಿನಿಯಂ, 21700 ಅಳತೆಯ ಒಂದೇ ಲಿಥಿಯಂ ಸೆಲ್, ಮುಂದೆ ದಪ್ಪ ಟೆಂಪರ್ಡ್ ಗಾಜು, ಅಷ್ಟೇ. ಎಲ್ಲರೂ ಮಾಡುವ ಟಾರ್ಚೇ. "ದುಡ್ಡು ಕೊಟ್ಟರೆ ಸಿಗುವ ವಸ್ತುಗೆ ಯಾಕಿಷ್ಟು ಒದ್ದಾಟ" ಅಂತ ಮನೆಯಲ್ಲಿ ಕೇಳುತ್ತಾರೆ. ಈ ಹವ್ಯಾಸ ಇರುವವರಿಗೆ ಉತ್ತರ ಬೇಕಿಲ್ಲ, ಇಲ್ಲದವರಿಗೆ ಹೇಳಿದರೂ ಅರ್ಥ ಆಗಲ್ಲ.

ಟಾರ್ಚ್ ಕಟ್ಟಿದ್ದು ಬಾಲಿಯ ತುಲಂಬೆನ್‌ಗಾಗಿ. ಅಲ್ಲಿ ದಡದಿಂದ ಒಂದಿಷ್ಟು ಈಜಿದರೆ ಸಾಕು, ಕಾಲ ಕೆಳಗೆ ಲಿಬರ್ಟಿ ಹಡಗು. 1918ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸರಕಿನ ಹಡಗು ಅದು. 1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಐ-166 ಸಬ್‌ಮರೀನ್ ಇದಕ್ಕೆ ಟಾರ್ಪೆಡೊ ಹೊಡೆಯಿತು. ಒಳಗೆ ರಬ್ಬರ್ ಮತ್ತು ರೈಲ್ವೆ ಸಾಮಾನು ಇತ್ತು. ಎರಡು ಯುದ್ಧನೌಕೆಗಳು ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದವು. ನೀರು ಜಾಸ್ತಿ ತುಂಬಿಕೊಂಡಿತು, ಹಾಗಾಗಿ ತುಲಂಬೆನ್ ದಡಕ್ಕೇ ಹತ್ತಿಸಿ ಬಿಟ್ಟರು. ಇಪ್ಪತ್ತೊಂದು ವರ್ಷ ದಡದ ಮೇಲೆ ಬಿದ್ದಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಹಡಗು ಮತ್ತೆ ಸಮುದ್ರಕ್ಕೆ ಜಾರಿತು. ಈಗ ಮೇಲ್ಭಾಗ ಸುಮಾರು 5 ಮೀಟರ್‌ನಲ್ಲಿ, ತಳ 30 ಮೀಟರ್ ಹತ್ತಿರ. ಹೊಸದಾಗಿ ಕಲಿತವರೂ ನೋಡಬಹುದು, ಹಳಬರೂ ಬೇಜಾರಾಗದೆ ಮತ್ತೆ ಮತ್ತೆ ಇಳಿಯಬಹುದು. ಇಂಥ ಹಡಗು ಬೇರೆ ಕಡೆ ಸಿಗುವುದು ಕಷ್ಟ.

ಟಾರ್ಚ್ ಇಲ್ಲದೆ ಇಳಿದರೆ ಅರ್ಧ ಹಡಗು ಕಂಡ ಹಾಗೇ ಅಲ್ಲ. ಕೆಂಪು ಬಣ್ಣವನ್ನು ನೀರು ಮೊದಲ ಕೆಲವು ಮೀಟರ್‌ನಲ್ಲೇ ನುಂಗಿಬಿಡುತ್ತದೆ. 20 ಮೀಟರ್‌ನಲ್ಲಿ ಬೀಸಣಿಗೆ ಹವಳ ಬೂದು, ಸ್ಪಂಜು ಬೂದು, ಕೈಗೆ ಗೀರಾಗಿ ರಕ್ತ ಬಂದರೆ ಅದೂ ಹಸಿರು ಮಿಶ್ರಿತ ಕಪ್ಪು. ಬೆಳಕು ಬಿಟ್ಟ ತಕ್ಷಣ ತುಕ್ಕು ಹಿಡಿದ ತೊಲೆಯ ಮೇಲೆ ಕೆಂಪು, ಕಿತ್ತಳೆ, ಹಳದಿ ಎದ್ದು ಕಾಣುತ್ತವೆ.

ಸರಿ, ರೋಗಕ್ಕೆ ಬರೋಣ. ಡೈವ್ ಮುಗಿಸಿ ಬಂದು ನೋಡಿದರೆ ಗಾಜಿನ ಹಿಂದೆ ಸಾಸಿವೆ ಕಾಳಿನಷ್ಟು ಒಂದು ಹನಿ. ಟಾರ್ಚ್ ಉರಿಯುತ್ತಲೇ ಇತ್ತು. ಆದರೆ ಲಿಥಿಯಂ ಸೆಲ್ ಪಕ್ಕದಲ್ಲಿ ಉಪ್ಪು ನೀರು ಇಟ್ಟುಕೊಂಡು ಯಾರಿಗೆ ನಿದ್ದೆ ಬರತ್ತೆ? ಮೊದಲು ಬಂದ ಅನುಮಾನ ಇಬ್ಬನಿಯದು. ಬಾಲಿಯ ಗಾಳಿ ಒದ್ದೆ ಬಟ್ಟೆ ಇದ್ದ ಹಾಗೆ. ಅಂಥ ಗಾಳಿಯನ್ನು ಟಾರ್ಚ್ ಒಳಗೆ ಮುಚ್ಚಿ, ಬಿಸಿಲಲ್ಲಿ ಇಟ್ಟು, ಆಮೇಲೆ 28 ಡಿಗ್ರಿ ನೀರಿಗೆ ಇಳಿಸಿದರೆ ತಣ್ಣಗಾದ ಗಾಜಿನ ಮೇಲೆ ಹನಿ ಕಟ್ಟಲೇಬೇಕು. ಅದು ಸೋರಿಕೆಯಲ್ಲ. ಎರಡನ್ನೂ ಬೇರೆ ಮಾಡಲು ಹಳೇ ಉಪಾಯ, ನಾಲಗೆ. ಮುಟ್ಟಿಸಿ ನೋಡಿದೆ. ಉಪ್ಪು.

ನಾಲಗೆಯ ಪರೀಕ್ಷೆ ಒಂದೇ ಸಲಕ್ಕೆ. ಒಮ್ಮೆ ಉಪ್ಪು ಒಳಗೆ ಸೇರಿದ ಮೇಲೆ ಮುಂದಿನ ಇಬ್ಬನಿಯೂ ಉಪ್ಪೇ. ಎಷ್ಟು ಒರೆಸಿದರೂ ಥ್ರೆಡ್ ಸಂದಿಯಲ್ಲಿ ಉಳಿದಿರುತ್ತದೆ.

ಅಲ್ಲಿದ್ದಾಗಲೇ ಒಂದು ವಿಚಿತ್ರ ಗಮನಕ್ಕೆ ಬಂತು. ಜುಕುಂಗ್ ಅನ್ನುವ ಅಲ್ಲಿನ ಸಣ್ಣ ದೋಣಿಯಲ್ಲಿ ಹೋಗಿ ಹಿಂದಕ್ಕೆ ಉರುಳಿ ನೇರ ಕೆಳಗಿಳಿದ ದಿನ ಟಾರ್ಚ್ ಪೂರ್ತಿ ಒಣ. ದಡದಿಂದ ನಡೆದು ಇಳಿದ ದಿನ ಒದ್ದೆ. ಆಳ ಎರಡೂ ದಿನ ಹೆಚ್ಚುಕಡಿಮೆ ಒಂದೇ. ತುಲಂಬೆನ್ ದಡ ನೋಡಿದವರಿಗೆ ಗೊತ್ತು, ಅದು ಮರಳಲ್ಲ, ಉರುಟು ಕಪ್ಪು ಕಲ್ಲು. ಊರಿನ ಹೆಂಗಸರು ಡೈವಿಂಗ್ ಸಿಲಿಂಡರ್ ತಲೆ ಮೇಲೆ ಇಟ್ಟುಕೊಂಡು ಆ ಕಲ್ಲಿನ ಮೇಲೆ ಸರಾಗವಾಗಿ ನಡೆಯುತ್ತಾರೆ. ನಾವು ಬರಿಗೈಯಲ್ಲಿ ಎಡವುತ್ತೇವೆ. ಅಲೆ ಬಂದಾಗಲೆಲ್ಲ ಕ್ಲಿಪ್‌ಗೆ ನೇತಾಡುವ ಟಾರ್ಚ್ ಕಲ್ಲಿಗೆ ಟಣ್ ಅಂತ ಬಡಿಯುತ್ತದೆ.

ಬೆಂಗಳೂರಿಗೆ ಬಂದು ಒತ್ತಡದ ಪರೀಕ್ಷೆಗೆ ಇಟ್ಟೆ. ವಾಟರ್ ಫಿಲ್ಟರ್‌ನ ಪಾರದರ್ಶಕ ಹೌಸಿಂಗ್, ಅದಕ್ಕೆ ಪ್ಲಂಬರ್‌ಗಳು ಪೈಪ್ ಚೆಕ್ ಮಾಡಲು ಬಳಸುವ ಕೈ ಪಂಪು. ಹೊಸಬರು ಯಾರಾದರೂ ಓದುತ್ತಿದ್ದರೆ ಒಂದು ಮಾತು, ಒಳಗೆ ನೀರೇ ತುಂಬಿರಬೇಕು. ಗಾಳಿ ತುಂಬಿ ಒತ್ತಿದರೆ ಅದು ಬಾಂಬು. 30 ಮೀಟರ್ ಆಳಕ್ಕೆ 3 ಬಾರ್ ಸಾಕು, ನಾನು 5ಕ್ಕೆ ಏರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಒಳಗೆ ಹಪ್ಪಳ ಒಣಗಿಸಬಹುದಿತ್ತು.

ಇಲ್ಲಿ ತಲೆ ಕೆಟ್ಟಿತು. 50 ಮೀಟರ್‌ಗೆ ಸೋರದ್ದು ಮೊಣಕಾಲು ನೀರಲ್ಲಿ ಸೋರುವುದು ಹೇಗೆ?

ಟಾರ್ಚಿನ ಹೆಡ್ಡಿಗೂ (ಮುಂದಿನ ತಲೆ) ಬ್ಯಾರೆಲ್‌ಗೂ (ಸೆಲ್ ಕೂರುವ ಕೊಳವೆ) ನಡುವೆ ನೀರು ತಡೆಯುವುದು ಓ-ರಿಂಗ್, ಅಂದರೆ ಗ್ರೂವ್ ಅನ್ನುವ ಕೊರೆದ ಗಾಡಿಯಲ್ಲಿ ಕೂರುವ ರಬ್ಬರ್ ಬಳೆ. ಅದರ ಗುಣವೇ ಹಾಗೆ. ಒತ್ತಡ ಹೆಚ್ಚಿದಷ್ಟೂ ನೀರು ರಬ್ಬರನ್ನು ಗ್ರೂವ್‌ನ ಒಂದು ಗೋಡೆಗೆ ತಳ್ಳಿ, ಸಂದಿಗೆ ಒತ್ತಿ ಕೂರಿಸುತ್ತದೆ. ಆಳದಲ್ಲಿ ಸಮುದ್ರವೇ ಬಾಗಿಲು ಹಾಕಿಕೊಳ್ಳುತ್ತದೆ. ಮೇಲ್ಮೈ ಹತ್ತಿರ ಆ ಸಹಾಯ ಇಲ್ಲ. ಅಲ್ಲಿ ರಿಂಗ್ ತನ್ನ ಸ್ವಂತ ಬಿಗಿಯ ಮೇಲೆ ನಿಲ್ಲಬೇಕು. ಬಿಗಿ ಕಮ್ಮಿ ಇದ್ದರೆ ಒಂದು ಪೆಟ್ಟು ಸಾಕು.

ಹಾಗಾದರೆ ಪರೀಕ್ಷೆ ಬಕೆಟ್‌ನಲ್ಲೇ ಆಗಬೇಕು, ಅಲ್ವಾ? ಬಕೆಟ್‌ನಲ್ಲಿ ಸುಮ್ನೆ ಇಟ್ಟರೆ ಒಣ. ಲಟ್ಟಣಿಗೆಯಿಂದ ಹೆಡ್ಡಿನ ಪಕ್ಕಕ್ಕೆ ತಟ್ಟುತ್ತಾ ಹೋದೆ. ಒದ್ದೆಯಾದ ಹಾಗೆ ಕಂಡಿತು. ಆದರೆ ಅದು ಇಬ್ಬನಿಯೋ, ಸೋರಿಕೆಯೋ? ಮತ್ತೆ ಅದೇ ಪ್ರಶ್ನೆ.

ಆಗ ಹೊಳೆದಿದ್ದು ಆರತಿ ನೀರು. ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪು. ಟಿಶ್ಯೂ ಪೇಪರ್ ಪಟ್ಟಿಗೆ ಅರಿಶಿನ ಹಚ್ಚಿ ಒಣಗಿಸಿದೆ. ಸೆಲ್ ತೆಗೆದು, ಪಟ್ಟಿಯನ್ನು ಬ್ಯಾರೆಲ್ ಬಾಯಿಯ ಒಳಸುತ್ತಿಗೆ ಅಂಟಿಸಿದೆ. ಬಕೆಟ್ ನೀರಿಗೆ ಉಗುರಿನಷ್ಟು ಸುಣ್ಣ ಕದಡಿದೆ. ಇಬ್ಬನಿ ಬಿದ್ದರೆ ಪಟ್ಟಿ ಹಳದಿಯಾಗೇ ಇರುತ್ತದೆ. ಹೊರಗಿನ ನೀರು ಬಂದರೆ ಕೆಂಪು ಚುಕ್ಕೆ. ಒಂದು ಎಚ್ಚರ: ಸುಣ್ಣಕ್ಕೂ ಅಲ್ಯೂಮಿನಿಯಂಗೂ ಆಗಿಬರಲ್ಲ, ಕೂಡಲೇ ತೊಳೆಯಬೇಕು. ತೊಳೆದರೂ ನನ್ನ ಬಾಡಿಯ ಕಪ್ಪು ಬಣ್ಣ ಮಂಕಾಯಿತು.

ತಟ್ಟಿ, ಒರೆಸಿ, ಬಿಚ್ಚಿ ನೋಡಿದೆ. ಪಟ್ಟಿಯ ಒಂದೇ ಕಡೆ, ಹೆಬ್ಬೆರಳಿನ ಅಗಲಕ್ಕೆ, ಅಪ್ಪಟ ಕುಂಕುಮ ಬಣ್ಣ. ಉಳಿದ ಸುತ್ತೆಲ್ಲ ಹಳದಿ. ಅದೂ ತಟ್ಟಿದ ಕಡೆ ಅಲ್ಲ, ಸರಿಯಾಗಿ ಎದುರು ಕಡೆ! ಹೊಸ ಪಟ್ಟಿ ಹಾಕಿ ಇನ್ನೊಂದು ಪಕ್ಕದಿಂದ ತಟ್ಟಿದೆ. ಕೆಂಪೂ ಜಾಗ ಬದಲಿಸಿತು. ಅಂದರೆ ಗ್ರೂವ್‌ನಲ್ಲಿ ಗೀರು ಇಲ್ಲ, ಮರಳ ಕಣ ಇಲ್ಲ. ಪೆಟ್ಟು ಬಿದ್ದಾಗ ಹೆಡ್ ಅತ್ತ ಸರಿಯುತ್ತದೆ, ಅತ್ತಲೇ ಸಂದಿ ತೆರೆಯುತ್ತದೆ.

ಕೂಡಲೇ ರಿಂಗ್ ಮೇಲೆ ಕಣ್ಣು ಹೋಯಿತು. ನನ್ನ ಡ್ರಾಯಿಂಗ್‌ನಲ್ಲಿ ಇದ್ದಿದ್ದು 2.62 ಮಿಲಿಮೀಟರ್ ದಪ್ಪದ ನೈಟ್ರೈಲ್ ರಬ್ಬರ್, ಗಡಸುತನ 70 ಶೋರ್. ಬಿಲ್‌ನಲ್ಲೂ 2.62 ಅಂತಲೇ ಇದೆ. ಕ್ಯಾಲಿಪರ್ ಹಿಡಿದರೆ ನಂಬೋ ಹಾಗಿಲ್ಲ, ದವಡೆ ಒತ್ತಿದಷ್ಟು ರಬ್ಬರ್ ತಗ್ಗುತ್ತದೆ. ಒಂದು ರಿಂಗ್ ಕತ್ತರಿಸಿ, ಪಕ್ಕದಲ್ಲಿ 2.5ರ ಡ್ರಿಲ್ ಬಿಟ್ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ರಬ್ಬರ್ ಡ್ರಿಲ್‌ಗಿಂತ ತೆಳ್ಳಗೆ. 2.4ರ ಮೆಟ್ರಿಕ್ ರಿಂಗ್ ಅದು!

ರಿಂಗ್ ಮಾರಿದ, ಬೆಂಗಳೂರಿನ ಎಸ್.ಪಿ. ರೋಡ್ ಆಸುಪಾಸಿನ ಆ ಅಂಗಡಿಯವರ ಹೆಸರು ಬೇಡ. ಫೋನ್ ಮಾಡಿದರೆ ಬಂದ ಉತ್ತರ: "ಸಾರ್, ಕೂದಲೆಳೆ ವ್ಯತ್ಯಾಸ. ಟೈಟ್ ಮಾಡಿದ್ರೆ ಕೂತ್ಕೊಳ್ಳತ್ತೆ ಬಿಡಿ." ಕೂದಲೆಳೆಯ ಲೆಕ್ಕ ಇಲ್ಲಿದೆ. ಗ್ರೂವ್ ಆಳ 2.1, ಹೆಡ್ಡಿಗೂ ಬ್ಯಾರೆಲ್‌ಗೂ ನಡುವೆ 0.1, ಒಟ್ಟು 2.2 ಜಾಗ. 2.4ರ ರಿಂಗನ್ನು ಹಿಗ್ಗಿಸಿ ಹಾಕಿದಾಗ ದಪ್ಪ ಇಳಿದು 2.34 ಆಗುತ್ತದೆ. ಒತ್ತು, ಅಂದರೆ ರಿಂಗ್ ಅದುಮಿಕೊಂಡಿರುವ ಪ್ರಮಾಣ, ಬರೀ 6 ಶೇಕಡಾ. ಹೆಡ್ 0.1 ಪಕ್ಕಕ್ಕೆ ಸರಿದರೆ ಎದುರು ಕಡೆ ಜಾಗ 2.3. ಉಳಿದ ಒತ್ತು 0.04 ಮಿಲಿಮೀಟರ್. ಲೇತ್ ಗೆರೆಗಳೇ ಅದನ್ನು ತಿಂದುಹಾಕುತ್ತವೆ. ಅದೇ 2.62 ಇದ್ದಿದ್ದರೆ ಹಿಗ್ಗಿ 2.55, ಕೆಟ್ಟ ಗಳಿಗೆಯಲ್ಲೂ 0.25 ಉಳಿಯುತ್ತಿತ್ತು. ಆರು ಪಟ್ಟು. ಯಾವ ತಲೆಯ ಕೂದಲೋ ಅದು!

ಬೇರೆ ಕಡೆಯಿಂದ ಸರಿಯಾದ ರಿಂಗ್ ತಂದೆ. ಒಂದನ್ನು ಅಂಗಡಿಯಲ್ಲೇ ಕತ್ತರಿಸಿ ಡ್ರಿಲ್ ಬಿಟ್ ಪಕ್ಕ ಹಿಡಿದೆ. ಅಂಗಡಿಯವರು ನನ್ನನ್ನು ನೋಡಿದ ರೀತಿ ಬೇಡ ಬಿಡಿ. ಅದೇ ಬಾಡಿ, ಅದೇ ಬಕೆಟ್, ಅದೇ ಲಟ್ಟಣಿಗೆ. ಪಟ್ಟಿ ಪೂರ್ತಿ ಹಳದಿ. ಹೆಡ್ ತಿರುಗಿಸಲು ಈಗ ಎರಡೂ ಕೈ ಬೇಕು, ಸಿಲಿಕೋನ್ ಗ್ರೀಸ್ ಇಲ್ಲದೆ ಅಲ್ಲಾಡಲ್ಲ. ಪೀಣ್ಯದ ಲೇತ್‌ನಲ್ಲಿ ಹೊಸ ಬಾಡಿ ಕೊಟ್ಟಿದ್ದೇನೆ: ಎರಡು ಗ್ರೂವ್, ಸಂದಿ 0.05. "ಸಾರ್, ನೀರೊಳಗಿನ ಟಾರ್ಚಾ, ರಾಕೆಟ್ಟಾ" ಅಂತ ಕೇಳಿದರು. ರೇಟು ಮಾತ್ರ ರಾಕೆಟ್‌ದೇ ಹೇಳಿದರು.

ಸಮುದ್ರದ ಪರೀಕ್ಷೆ ನೇತ್ರಾಣಿ ದ್ವೀಪದಲ್ಲಿ ಆಯಿತು. ಮುರ್ಡೇಶ್ವರದಿಂದ ದೋಣಿ, ಸುತ್ತ ಬಂಡೆ, ಹವಳ, ಒಳ್ಳೆ ಮೀನು. ಅಲ್ಲಿ ದಡದಿಂದ ನಡೆದು ಇಳಿಯುವ ಮಾತೇ ಇಲ್ಲ, ದೋಣಿಯಿಂದಲೇ ಹಾರಬೇಕು. ಹಾಗಾಗಿ ಬೇಕಂತಲೇ ಮೇಲ್ಮೈಯಲ್ಲಿ ತೇಲುತ್ತಾ ಟಾರ್ಚನ್ನು ಏಣಿಗೆ ಬಡಿಯುತ್ತಿದ್ದೆ. ದೋಣಿಯವರು "ಏನಾದ್ರೂ ತೊಂದ್ರೆನಾ" ಅಂತ ಗಾಬರಿಯಾಗಿ ಕೂಗಿದರು. ಟಾರ್ಚ್ ಒಣ.

ಮಧ್ಯದಲ್ಲಿ ಮುಂದಿನ ಹುಚ್ಚು ಶುರುವಾಗಿದೆ. ಲಿಬರ್ಟಿ ಹಡಗಿನ ತೋಪಿನ (ಫಿರಂಗಿಯ) 3ಡಿ ಮಾದರಿ ಮಾಡಬೇಕು. ನೂರಾರು ಫೋಟೊ, ಒಂದರ ಮೇಲೊಂದು ಮುಕ್ಕಾಲು ಪಾಲು ಹೊಂದುವಂತೆ ತೆಗೆದು ಸಾಫ್ಟ್‌ವೇರ್‌ಗೆ ಹಾಕುವುದು. ಕ್ಯಾಮೆರಾ ಮುಂದಿನ ಪೋರ್ಟ್ (ಗಾಜಿನ ಕಿಟಕಿ) ಚಪ್ಪಟೆ ಆದರೆ ಫೋಟೊದ ಅಂಚು ಎಳೆದ ಹಾಗೆ ತಿರುಚಿಕೊಳ್ಳುತ್ತದೆ, ಗುಮ್ಮಟದ ಆಕಾರದ ಡೋಮ್ ಬೇಕು. ಬೆಳಕು ಎರಡೂ ಕಡೆಯಿಂದ ಸಮನಾಗಿ ಬೀಳಬೇಕು, ಅಂದರೆ ಇಂಥದೇ ಇನ್ನೊಂದು ಟಾರ್ಚ್. ಇಷ್ಟೂ ಆಗಿ, ನಡುವೆ ಮೀನು ನುಗ್ಗಿದರೆ ಸಾಫ್ಟ್‌ವೇರ್‌ಗೆ ತೋಪಿಗೆ ಬಾಲ ಬಂದ ಹಾಗೆ ಕಾಣುತ್ತದೆ. ತುಲಂಬೆನ್‌ನಲ್ಲಿ ಮುಂಜಾನೆ ದೊಡ್ಡ ದೊಡ್ಡ ಗಿಳಿಮೀನುಗಳ ಹಿಂಡೇ ಹಡಗಿನ ಮೇಲೆ ಹಾಯುತ್ತದೆ. ನೋಡಲು ಚಂದ, ಮಾದರಿಗೆ ಶನಿ.

ಟಾರ್ಚ್‌ನಲ್ಲಿ ಇನ್ನು ಉಳಿದಿರುವುದು ಸ್ವಿಚ್ ಜಗಳ. ರಂಧ್ರ ಕೊರೆಯುವುದು ಬೇಡ ಅಂತ ಮ್ಯಾಗ್ನೆಟ್ ಸ್ವಿಚ್ ಹಾಕಿದ್ದೆ. ಅದು ಸೋರಲ್ಲ, ನಿಜ. ಆದರೆ ಕಂಪಾಸ್ ಕಟ್ಟಿದ ಕೈಯಲ್ಲಿ ಟಾರ್ಚ್ ಹಿಡಿದರೆ ಉತ್ತರ ದಿಕ್ಕು ಟಾರ್ಚ್ ಹೇಳಿದ ಕಡೆಗೇ. ಚಿಕ್ಕ ಮ್ಯಾಗ್ನೆಟ್ ಆರ್ಡರ್ ಮಾಡಿದ್ದೇನೆ. 4 ಮಿಲಿಮೀಟರ್ ಅಂತ ಬಿಲ್‌ನಲ್ಲಿದೆ. ಬಂದ ಮೇಲೆ ಅಳೆದು ನೋಡುತ್ತೇನೆ.