ಕೇಳಿಸಲಿಲ್ಲ ಅಂದಮಾತ್ರಕ್ಕೆ ಮೀನು ಅಲ್ಲಿರಲಿಲ್ಲವೇ?

ಸಮುದ್ರದ ಪ್ರಾಣಿಗಳ ಜಾಡು ಹಿಡಿಯುವ ಕೆಲಸ ಅಂದರೆ ದೋಣಿ, ಅಲೆ, ಶಾರ್ಕು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದಿರುವುದು ಕುರ್ಚಿ, ಕಂಪ್ಯೂಟರ್. ಉಳಿದವರು ನೀರಿಗಿಳಿದು ಎತ್ತಿ ತಂದ ರಿಸೀವರ್‌ಗಳ, ಅಂದರೆ ನೀರಿನಡಿ ಶಬ್ದ ಕೇಳಿಸಿಕೊಳ್ಳುವ ಯಂತ್ರಗಳ, ಹೊಟ್ಟೆಯಲ್ಲಿ ಏನಿದೆ ಎಂದು ನೋಡುವವಳು ನಾನು. ತಾರೀಕು, ಹೊತ್ತು, ರಿಸೀವರ್ ನಂಬರು, ಟ್ಯಾಗ್ ನಂಬರು. ಒಂದು ಸಾಲಿನಲ್ಲಿ ಇರುವುದು ಇಷ್ಟೇ. ಇಂಥ ಸಾಲುಗಳು ಲಕ್ಷಗಟ್ಟಲೆ ಇರುತ್ತವೆ. ಆದರೆ ನನ್ನ ತಲೆ ತಿನ್ನುವುದು ಸಾಲುಗಳಲ್ಲ, ಎರಡು ಸಾಲುಗಳ ನಡುವೆ ಬಿದ್ದಿರುವ ಗಂಟೆಗಟ್ಟಲೆಯ ಖಾಲಿ.

ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಉಪ್ಪುನೀರು ರೇಡಿಯೋ ಅಲೆಗಳನ್ನು ನುಂಗಿಬಿಡುತ್ತದೆ, ಹಾಗಾಗಿ ಮೇಲಕ್ಕೆ ಬಾರದ ಮೀನಿಗೆ ಜಿಪಿಎಸ್ ಕಟ್ಟಿ ಪ್ರಯೋಜನವಿಲ್ಲ. ಶಬ್ದ ಮಾತ್ರ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಮೀನಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಸಣ್ಣ ಗಾಯ ಮಾಡಿ, ಸದ್ದು ಮಾಡುವ ಪುಟ್ಟ ಸಾಧನವಾದ ಟ್ಯಾಗ್ ಅನ್ನು ಒಳಗಿಟ್ಟು ಹೊಲಿಗೆ ಹಾಕುತ್ತಾರೆ. ಅದು ಆಗಾಗ 69 ಕಿಲೋಹರ್ಟ್ಸ್‌ನಲ್ಲಿ ಕೆಲವು ಪಿಂಗ್‌ಗಳನ್ನು, ಅಂದರೆ ಚುಟುಕು ಸದ್ದುಗಳನ್ನು, ಹೊರಡಿಸುತ್ತದೆ. ಮನುಷ್ಯರ ಕಿವಿಗೆ ಎಟುಕುವುದು ಹೆಚ್ಚೆಂದರೆ 20. ಪಿಂಗ್‌ಗಳ ನಡುವಿನ ಅಂತರದಲ್ಲೇ ಮೀನಿನ ನಂಬರು ಅಡಗಿರುತ್ತದೆ. ಕೆಲವು ನೂರು ಮೀಟರಿನೊಳಗೆ ರಿಸೀವರ್ ಇದ್ದರೆ ಅದನ್ನು ಕೇಳಿ ಬರೆದುಕೊಳ್ಳುತ್ತದೆ.

ಎರಡು ಟ್ಯಾಗ್‌ಗಳು ಒಟ್ಟಿಗೇ ಕೂಗಿದರೆ? ಹಾಗಾಗದಿರಲೆಂದೇ ಕೂಗುಗಳ ನಡುವಿನ ಬಿಡುವನ್ನು ಹೆಚ್ಚುಕಡಿಮೆ ಮಾಡಿರುತ್ತಾರೆ. ಆದರೂ ಒಮ್ಮೊಮ್ಮೆ ಇದರ ಪಿಂಗು ಅದರ ಪಿಂಗಿಗೆ ಬೆರೆತು, ಅಲ್ಲಿಲ್ಲದ ಮೂರನೆಯ ಮೀನಿನ ನಂಬರು ಹುಟ್ಟಿಕೊಳ್ಳುತ್ತದೆ. ಅದಕ್ಕೇ ಒಂಟಿ ದಾಖಲೆಯನ್ನು ನಾನು ನಂಬುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದೇ ನಂಬರು ಮತ್ತೆ ಕೇಳಿಸಬೇಕು.

ಇಲ್ಲದ ಮೀನು ಇದೆ ಎಂದು ಕಾಣುವುದನ್ನು ಹೀಗೆ ಜರಡಿ ಹಿಡಿಯಬಹುದು. ಇರುವ ಮೀನು ಇಲ್ಲ ಎಂದು ಕಾಣುವುದೇ ಕಷ್ಟ. ಹಗಲೆಲ್ಲ ದಾಖಲೆಗಳು ತುಂಬಿ, ಕತ್ತಲಾಗುತ್ತಲೇ ಖಾಲಿಯಾಗುವ ಗ್ರಾಫ್ ಕೈಗೆ ಬಂತೆನ್ನಿ. 'ಈ ಪ್ರಾಣಿ ಹಗಲಲ್ಲಿ ಓಡಾಡಿ ರಾತ್ರಿ ಬಂಡೆಯ ಸಂದಿ ಸೇರುತ್ತದೆ' ಎಂದು ಬರೆದುಬಿಡಲು ಬೆರಳು ತುರಿಸುತ್ತದೆ. 2010ರಲ್ಲಿ ಆಸ್ಟ್ರೇಲಿಯಾದ ದೈತ್ಯ ಕಟಲ್‌ಫಿಶ್‌ಗಳ (ಆಕ್ಟೋಪಸ್ ಬಳಗದ ಪ್ರಾಣಿಗಳು) ಮೇಲೆ ಒಂದು ಪ್ರಬಂಧ ಬಂತು. ಅದನ್ನು ಬರೆದವರು ಪ್ರಾಣಿಗಳಿಗಷ್ಟೇ ಅಲ್ಲದೆ ಸಮುದ್ರದ ತಳದಲ್ಲೂ ಅಲುಗಾಡದ ಟ್ಯಾಗ್‌ಗಳನ್ನು ಇಟ್ಟಿದ್ದರು. ಕಾಲಿಲ್ಲದ, ಈಜದ ಆ ಟ್ಯಾಗ್‌ಗಳೂ ಹಗಲು ಹೆಚ್ಚು, ರಾತ್ರಿ ಕಡಿಮೆ ಕೇಳಿಸಿದ್ದವು! ಪ್ರಾಣಿಯ ದಿನಚರಿ ಎಂದು ತೋರಿದ್ದರಲ್ಲಿ ನೀರಿನ ಗದ್ದಲದ ದಿನಚರಿಯೂ ಬೆರೆತಿತ್ತು. ಈ ಕೆಲಸಕ್ಕೆ ಹೊಸದಾಗಿ ಬರುವವರ ಕೈಗೆ ನಾನು ಮೊದಲು ಕೊಡುವುದು ಇದೇ ಪ್ರಬಂಧವನ್ನು.

ಗದ್ದಲ ಮಾಡುವವರು ಯಾರು? ದೋಣಿಯ ಎಂಜಿನ್, ಮಳೆ, ಗಾಳಿಗೆ ಒಡೆಯುವ ಅಲೆ. ಬೆಚ್ಚಗಿನ ನೀರಿನ ಹವಳದ ದಿಬ್ಬಗಳಲ್ಲಿ ಇವರೆಲ್ಲರಿಗಿಂತ ಜೋರು ಬೆರಳುದ್ದದ ಒಂದು ಸೀಗಡಿ. ಅದು ಇಕ್ಕಳದಂಥ ಕೊಂಡಿಯನ್ನು ಎಷ್ಟು ರಭಸದಿಂದ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ ಒಡೆಯುತ್ತದೆ, ಆ ಒಡೆತವೇ ಸದ್ದು. ಸಾವಿರಾರು ಸೀಗಡಿಗಳು ಸೇರಿದರೆ ದಿಬ್ಬವಿಡೀ ಒಣಕಡ್ಡಿ ಮುರಿದಂತೆ ಚಟಪಟ. ಪಾಪದ ಟ್ಯಾಗು ಅದರ ನಡುವೆ ಎಷ್ಟು ಕೂಗಿದರೆ ಏನು?

ಗದ್ದಲವಿಲ್ಲದೆಯೂ ಮೋಸವಾಗುತ್ತದೆ. ತಣ್ಣೀರು, ಬಿಸಿನೀರಿನ ಪದರಗಳ ನಡುವೆ ಶಬ್ದ ಬಾಗಿ ಬೇರೆ ದಾರಿ ಹಿಡಿಯುತ್ತದೆ. ರಿಸೀವರ್ ಮೇಲೆ ಚಿಪ್ಪುಜೀವಿಗಳು ಮನೆ ಮಾಡಿಕೊಂಡು ಅದರ ಕಿವಿ ಮಂದವಾಗುತ್ತದೆ. ನನಗೆ ಬಹಳ ವಿಚಿತ್ರ ಅನ್ನಿಸುವುದು ಇನ್ನೊಂದು: ಶಕ್ತಿಶಾಲಿ ಟ್ಯಾಗ್ ರಿಸೀವರ್‌ನ ಮಗ್ಗುಲಲ್ಲೇ ಇದ್ದರೂ ಕೆಲವೊಮ್ಮೆ ದಾಖಲಾಗುವುದಿಲ್ಲ. ಮೇಲ್ಮೈಗೂ ಗಟ್ಟಿ ತಳಕ್ಕೂ ಬಡಿದ ಪ್ರತಿಧ್ವನಿಯೂ ಸಾಕಷ್ಟು ಜೋರಾಗಿಯೇ ಉಳಿಯುವುದರಿಂದ, ಪಿಂಗ್ ಯಾವುದು, ಮಾರ್ದನಿ ಯಾವುದು ಎಂಬ ಲೆಕ್ಕ ತಪ್ಪುತ್ತದೆ. ದೂರದಲ್ಲಿದ್ದಾಗ ಸರಿಯಾಗಿ ಕೇಳಿಸುವ ಮೀನು ಹತ್ತಿರ ಬಂದಾಗ ಮಾಯ.

ಹಾಗೆಂದು ಖಾಲಿಯೆಲ್ಲವೂ ಸುಳ್ಳಲ್ಲ. 2001ರಲ್ಲಿ ಫ್ಲಾರಿಡಾದ ಟೆರಾ ಸೀಯಾ ಕೊಲ್ಲಿಗೆ ಗೇಬ್ರಿಯೆಲ್ ಬಿರುಗಾಳಿ ಬರುವ ಮುನ್ನ, ವಾಯುಭಾರ ಇಳಿಯುತ್ತಿದ್ದಂತೆ, ಟ್ಯಾಗ್ ಹಾಕಿದ್ದ ಬ್ಲ್ಯಾಕ್‌ಟಿಪ್ ಶಾರ್ಕ್ ಮರಿಗಳು ಕೊಲ್ಲಿ ಬಿಟ್ಟು ಹೊರಟವು, ಗಾಳಿ ಅಡಗಿದ ಮೇಲೆ ಮರಳಿದವು. ಅಲೆಗಳ ಗದ್ದಲ ಶುರುವಾಗುವ ಮೊದಲೇ ಹೊರಟಿದ್ದರಿಂದ ಈ ಕಥೆಯನ್ನು ನಾನು ಒಪ್ಪುತ್ತೇನೆ.

ಬಿಡದೆ ಕೇಳಿಸುವ ಟ್ಯಾಗ್ ಇನ್ನೊಂದು ಬಗೆಯ ತಲೆನೋವು. ತಿಂಗಳುಗಟ್ಟಲೆ ಒಂದೇ ರಿಸೀವರ್ ಬಳಿ ಕೂಗುತ್ತಿದ್ದರೆ ಮೀನಿಗೆ ಆ ಜಾಗ ಪ್ರೀತಿಯೆಂದು ಹಿಗ್ಗಬೇಡಿ. ಅದು ಸತ್ತು, ಟ್ಯಾಗ್ ಮಾತ್ರ ತಳದಲ್ಲಿ ಬಿದ್ದಿರಬಹುದು. ತಿಂದವರ ಹೊಟ್ಟೆಯಲ್ಲೂ ಕೂಗುತ್ತಿರಬಹುದು. ಹೊಟ್ಟೆಯ ಆಮ್ಲಕ್ಕೆ ಹೊದಿಕೆ ಕರಗಿ ಸಂಕೇತ ಬದಲಾಗುವ ಟ್ಯಾಗ್‌ಗಳು ಬಂದಿರುವುದು ಇದಕ್ಕೇ. ಇದರ ಜೊತೆ, ಬೂದು ಸೀಲ್‌ಗಳು ಟ್ಯಾಗ್‌ನ ಸದ್ದು ಹಿಡಿದು ಮೀನು ಹುಡುಕಲು ಕಲಿಯುತ್ತವೆ ಎಂದು 2015ರಲ್ಲಿ ಕೊಳದ ಪ್ರಯೋಗವೊಂದು ತೋರಿಸಿತು. ನಾವು ಮೀನಿಗೆ ಕಟ್ಟಿದ್ದು ಬೇಟೆಗಾರನಿಗೂ ಅನುಕೂಲವಾಯಿತು ಅಂದ ಹಾಗಾಯಿತು!

ಪ್ರತಿ ಸಲ ಟ್ಯಾಗ್ ಹಂಚುವಾಗ ನಮ್ಮಲ್ಲಿ ಒಂದು ಜಗಳ ಇದ್ದದ್ದೇ. "ಒಂದು ಟ್ಯಾಗ್ ಕಲ್ಲಿಗೆ ಕಟ್ಟಿ ಮುಳುಗಿಸಿ" ಅನ್ನುತ್ತೇನೆ ನಾನು. "ಅದರಲ್ಲಿ ಇನ್ನೊಂದು ಮೀನು ಆಗ್ತಿತ್ತಲ್ಲ ಮೇಡಂ" ಅನ್ನುತ್ತಾರೆ ದೋಣಿಯವರು. ಅವರ ಸಂಕಟವೂ ನ್ಯಾಯವೇ, ಟ್ಯಾಗ್ ಅಗ್ಗದ ಸಾಮಾನಲ್ಲ. ಆದರೂ ನಾನು ಬಿಟ್ಟುಕೊಡುವುದಿಲ್ಲ. ಕಲ್ಲಿನ ಗ್ರಾಫ್ ಮೊದಲು ಬಿಡಿಸಿ, ಮೀನಿನದ್ದನ್ನು ಅದರ ಮೇಲಿಟ್ಟು ನೋಡುತ್ತೇನೆ. ಎರಡೂ ಒಂದೇ ಥರ ಏರಿಳಿದರೆ, ಆ ಮೀನಿನ ಹಗಲು-ರಾತ್ರಿಯ ಬಗ್ಗೆ ವರದಿಯಲ್ಲಿ ಒಂದು ಅಕ್ಷರವನ್ನೂ ಬರೆಯಗೊಡುವುದಿಲ್ಲ.