ಲೈನ್ ಕಿತ್ತು ಹಾಕುವ ಮುಂಚೆ ರಾತ್ರಿಯ ಲೆಕ್ಕ ಮಾಡಿ

ಮನೆ ಮೇಲೆ ಸೋಲಾರ್ ಹಾಕಿಸಿದಾಗಿನಿಂದ ನೋಡಿದವರೆಲ್ಲ ಕೇಳುವುದು ಒಂದೇ ಮಾತು. "ಇನ್ನು ಲೈನ್ ಕರೆಂಟ್ ಯಾಕೆ, ತೆಗೆಸಿಬಿಡಬಹುದಲ್ವಾ?" ನನಗೂ ಆ ಆಸೆ ಇತ್ತು, ಜೋರಾಗಿಯೇ ಇತ್ತು. ಒಂದು ಭಾನುವಾರ ಪೂರ್ತಿ ಪೆನ್ನು ಹಿಡಿದು ಕೂತ ಮೇಲೆ ಕೈಬಿಟ್ಟೆ.

ನಮಗೆ ದಿನಕ್ಕೆ ಸುಮಾರು 8 ಯೂನಿಟ್ ಬೇಕು. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟ್ ಪ್ಯಾನೆಲ್‌ನಿಂದ ದಿನಕ್ಕೆ 4 ಯೂನಿಟ್ ಸಿಗುತ್ತದೆ, ಹಾಗಾಗಿ 3 ಕಿಲೋವ್ಯಾಟ್ ಹಾಕಿಸಿದೆವು. ಪ್ಯಾನೆಲ್ ಬಗ್ಗೆ ನನಗೆ ಚಿಂತೆ ಇಲ್ಲ. ಒಮ್ಮೆ ಹಾಕಿದರೆ 25 ವರ್ಷ ಬರುತ್ತದೆ, ವರ್ಷಕ್ಕೆ ಅರ್ಧ ಪರ್ಸೆಂಟ್ ಆಸುಪಾಸು ಇಳುವರಿ ಕಡಿಮೆಯಾಗುತ್ತದೆ, ಅಷ್ಟೇ. ದುಡ್ಡು ನುಂಗುವುದು ರಾತ್ರಿ. ಅದಕ್ಕಿಂತ ಜಾಸ್ತಿ, ಮೋಡ ಕವಿದು ಬಿಡದೇ ಕೂತ ದಿನಗಳು.

ಮೂರು ದಿನ ಬಿಸಿಲೇ ಇಲ್ಲ ಅಂದುಕೊಳ್ಳಿ. 24 ಯೂನಿಟ್ ಬೇಕು. ಮೋಡದಲ್ಲೂ ಪ್ಯಾನೆಲ್ ಸ್ವಲ್ಪ ಕೊಡುತ್ತದೆ, ಅದನ್ನು ಕಳೆದು 20 ಅಂತ ಇಟ್ಟುಕೊಳ್ಳೋಣ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ, ಆದ್ದರಿಂದ 20 ಯೂನಿಟ್ ಬಳಸಲು 40 ಯೂನಿಟ್ ಹಿಡಿಯುವಷ್ಟು ಬ್ಯಾಟರಿ ಬೇಕು. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ ಒಂದರಲ್ಲಿ ಹಿಡಿಯುವುದು 1.8 ಯೂನಿಟ್. ಅಂದರೆ ಹೆಚ್ಚುಕಡಿಮೆ 22 ಬ್ಯಾಟರಿ! ಅವನ್ನು ಇಡಲು ಒಂದು ರೂಮೇ ಬೇಕು, ಕೆಲವೇ ವರ್ಷಕ್ಕೆ ಅಷ್ಟನ್ನೂ ಬದಲಿಸಬೇಕು. ಲಿಥಿಯಂ ಆದರೆ 80–90 ಪರ್ಸೆಂಟ್‌ವರೆಗೆ ಬಳಸಬಹುದು, ಬಾಳಿಕೆಯೂ ಜಾಸ್ತಿ. ಆದರೂ 24 ಯೂನಿಟ್ ಆಸುಪಾಸು ಹಿಡಿಯುವಷ್ಟು ಬ್ಯಾಟರಿ ಬೇಕೇ ಬೇಕು. ನಮ್ಮ ಒಂದು ಸಂಜೆಗೆ ಸಾಕಾಗುವುದು 4 ಯೂನಿಟ್. ಉಳಿದದ್ದೆಲ್ಲ ವರ್ಷದ ಆ ಕೆಲವು ಮಬ್ಬು ದಿನಗಳಿಗೋಸ್ಕರ ಸುಮ್ನೆ ಕಾದು ಕೂರುತ್ತದೆ. ಮನಸ್ಸು ಒಪ್ಪಲಿಲ್ಲ.

ಲೈನೇ ಬಾರದ ಜಾಗ, ಕಂಬ ನೆಟ್ಟು ತಂತಿ ಎಳೆಸುವುದೇ ದೊಡ್ಡ ಖರ್ಚು ಅನ್ನುವ ಕಡೆ ಮಾತು ಬೇರೆ. ಅಲ್ಲಿ ಧಾರಾಳವಾಗಿ ಆಫ್ ಗ್ರಿಡ್ ಮಾಡಿ, ಅಂದರೆ ಲೈನ್ ಇಲ್ಲದೆ ಬರೀ ಸೋಲಾರ್ ಮತ್ತು ಬ್ಯಾಟರಿ.

ಇನ್ನೊಂದು ವಿಷಯ, ದಯವಿಟ್ಟು ಹಾಕಿಸುವ ಮುಂಚೆಯೇ ತಿಳಿದುಕೊಳ್ಳಿ. ಬ್ಯಾಟರಿ ಇಲ್ಲದ ಸಾಮಾನ್ಯ ಆನ್ ಗ್ರಿಡ್ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಗೆ ತಕ್ಕಂತೆ ಬದಲಿಸಿ ಲೈನ್ ಜೊತೆ ಸೇರಿಸುವ ಪೆಟ್ಟಿಗೆ), ಲೈನ್ ಹೋದರೆ ತಾನೂ ನಿಂತುಬಿಡುತ್ತದೆ, ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಸರಿ. ಕಂಬದ ಮೇಲೆ ರಿಪೇರಿ ಮಾಡುವವರಿಗೆ ನಮ್ಮ ಮನೆಯಿಂದ ಕರೆಂಟ್ ಹೊಡೆಯಬಾರದು ಅಂತ ಮಾಡಿದ ಏರ್ಪಾಡು ಅದು, ಇರಲೇಬೇಕಾದದ್ದು. ನನಗೆ ಹಾಕಿಕೊಟ್ಟವರು ಇದನ್ನು ಹೇಳಿರಲಿಲ್ಲ. ಮೊದಲ ಸಲ ಕರೆಂಟ್ ಹೋದಾಗ ಫ್ಯಾನ್ ನಿಂತಿದ್ದು ನೋಡಿ ಬಹಳ ಬೇಸರವಾಯಿತು. ಆಮೇಲೆ ಲೈನ್, ಬ್ಯಾಟರಿ ಎರಡರ ಜೊತೆಗೂ ನಡೆಯುವ ಹೈಬ್ರಿಡ್ ಇನ್ವರ್ಟರ್, 5 ಯೂನಿಟ್‌ನ ಲಿಥಿಯಂ ಬ್ಯಾಟರಿ ಸೇರಿಸಿದೆ. ಮೊದಲೇ ಗೊತ್ತಿದ್ದರೆ ಎರಡು ಇನ್ವರ್ಟರ್‌ಗೆ ದುಡ್ಡು ಕೊಡಬೇಕಿರಲಿಲ್ಲ.

ಬ್ಯಾಟರಿ ಕೊಳ್ಳುವ ಮುಂಚೆ ಒಂದು ರಾತ್ರಿ ಎಲ್ಲ ದೀಪ ಆರಿಸಿ, ಟಾರ್ಚ್ ಹಿಡಿದು ಮೀಟರ್ ಮುಂದೆ ನಿಲ್ಲಿ. ನಾನು ನಿಂತಾಗ ಅದರ ಕೆಂಪು ದೀಪ ಮಿಣುಕುತ್ತಲೇ ಇತ್ತು, ಅಂದರೆ ಕರೆಂಟ್ ಇನ್ನೂ ಖರ್ಚಾಗುತ್ತಿತ್ತು. ಸೆಟ್ ಟಾಪ್ ಬಾಕ್ಸ್, ವೈಫೈ, ಸಾಕೆಟ್‌ನಲ್ಲೇ ಬಿಟ್ಟ ಚಾರ್ಜರ್‌ಗಳು. ಈಗಿನ ಇನ್ವರ್ಟರ್ ಕೂಡ ಏನೂ ಕೆಲಸ ಇಲ್ಲದಾಗಲೂ 40 ವ್ಯಾಟ್ ಎಳೆಯುತ್ತದೆ, ದಿನಕ್ಕೆ ಹತ್ತಿರ ಹತ್ತಿರ 1 ಯೂನಿಟ್ ಅದಕ್ಕೇ ಹೋಯಿತು. ನೀರಿನ ಪಂಪ್, ವಾಷಿಂಗ್ ಮಷೀನ್, ಗೀಸರ್ ಮೂರನ್ನೂ ಬೆಳಿಗ್ಗೆ 11ರಿಂದ 2ರ ಒಳಗೆ ಮುಗಿಸುವುದು ರೂಢಿಯಾದ ಮೇಲೆ ಬ್ಯಾಟರಿ ಸಂಜೆಗೆ ತುಂಬಿಕೊಂಡೇ ಸಿಗುತ್ತದೆ.

ನೆರಳನ್ನಂತೂ ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ಯಾಂಕಿನ ಪೈಪಿನ ನೆರಳು, ನನ್ನ ಮುಂಗೈಯಷ್ಟು ಅಗಲ, ಬೆಳಿಗ್ಗೆ ಹೊತ್ತು ಒಂದು ಪ್ಯಾನೆಲ್ ಮೇಲೆ ಬೀಳುತ್ತದೆ. ಒಳಗೆ ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದೇ ಸೆಲ್ ಮುಚ್ಚಿದರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಆ ಪೈಪನ್ನು ಎರಡು ಅಡಿ ಆಚೆ ಸರಿಸಲು ಈ ವಾರ ಪ್ಲಂಬರ್ ಬರುತ್ತಿದ್ದಾರೆ.