37ನೇ ಪುಟದ ಪೆನ್ಸಿಲ್

ಶಿರಸಿಯಿಂದ ಕುಮಟಾ ಬಸ್ಸು, ಕಿಟಕಿ ಸೀಟು. ಕೈಯಲ್ಲೊಂದು ಹಳೇ ಪತ್ತೇದಾರಿ ಕಾದಂಬರಿ. ರಟ್ಟು ಯಾವತ್ತೋ ಕಿತ್ತುಹೋಗಿ ಹೆಸರೂ ಇಲ್ಲ, ಬರೆದವರೂ ಇಲ್ಲ.

ದೇವಿಮನೆ ಘಟ್ಟ ಶುರುವಾಗೋ ಹೊತ್ತಿಗೆ 37ನೇ ಪುಟ. ಅಡುಗೆಯವನು ಮೊದಲ ಸಲ ಚಾ ತಗೊಂಡು ಒಳಗೆ ಬರ್ತಾನೆ. ಅವನ ಹೆಸರಿನ ಕೆಳಗೆ ಪೆನ್ಸಿಲ್ ಗೀಟು. ಪಕ್ಕದಲ್ಲಿ ಚಂದದ ದುಂಡಕ್ಷರದಲ್ಲಿ, "ಇವನೇ."

ಪೂರ್ಣವಿರಾಮ ಕೂಡ ಮರೆತಿಲ್ಲ ಪುಣ್ಯಾತ್ಮ!

ಸಿಟ್ಟು ಬಂತು, ಪುಸ್ತಕ ಮುಚ್ಚಿದೆ. ಎರಡು ತಿರುವು ದಾಟೋದ್ರೊಳಗೆ ಮತ್ತೆ ತೆಗೆದೆ. ಈಗ ಅವನು ಚಾ ಕೊಟ್ಟರೂ ಅನುಮಾನ, ಬಾಗಿಲು ಹಾಕಿದರೂ ಅನುಮಾನ. ಮಜಾ ಕಡಿಮೆಯಾಗಲಿಲ್ಲ ಮಾರಾಯ್ರೆ, ಜಾಸ್ತಿಯೇ ಆಯ್ತು.

ರವಿಚಂದ್ರನ್ ಅವರ 'ದೃಶ್ಯ' (2014) ನೋಡಿದಾಗಲೂ ಹೀಗೇ. ಸಾವು ಹೇಗಾಯ್ತು ಅಂತ ನಮ್ಮ ಕಣ್ಣೆದುರೇ ತೋರಿಸಿಬಿಡ್ತಾರೆ. ಆಮೇಲೂ ಪೊಲೀಸರು ಮನೆಗೆ ಬಂದಾಗ ಕುರ್ಚಿ ತುದಿಗೆ ಬಂದು ಕೂರೋದು ನಾವೇ. ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ 'ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್' 1934ರದ್ದು, ಗುಟ್ಟು ಅರ್ಧ ಜಗತ್ತಿಗೆ ಗೊತ್ತು. ಆದರೂ 1974ರಲ್ಲಿ ಸಿನಿಮಾ, 2017ರಲ್ಲಿ ಮತ್ತೊಂದು. ನಾನು ಎರಡೂ ನೋಡಿದವಳೇ. (ಹಳೇದೇ ಚಂದ. ಹೊಸದರಲ್ಲಿ ಪತ್ತೇದಾರನ ಮೀಸೆಯದ್ದೇ ಕಾರುಬಾರು.)

ಕೊನೇ ನಿಮಿಷದ ತಿರುವನ್ನೇ ನಂಬಿಕೊಂಡ ಈಗಿನ ಕೆಲವು ಥ್ರಿಲ್ಲರ್‌ಗಳನ್ನ ಮಾತ್ರ ಎರಡನೇ ಸಲ ನೋಡೋಕೆ ನನ್ನಿಂದಾಗಲ್ಲ.

ಘಟ್ಟ ಇಳಿದು ಸೆಕೆ ಶುರುವಾಯ್ತು. 112ನೇ ಪುಟ. ಈ ಸಲ ಡಾಕ್ಟರ ಹೆಸರಿನ ಕೆಳಗೆ ಗೀಟು. ಅದೇ ದುಂಡಕ್ಷರ.

"ಅಲ್ಲ, ಇವನು."